ಸ್ಟಾರ್ಟಿಗೊಂದು, ಸ್ಟಾಪಿಗೊಂದು

ಕೆಲವರ ಮನೆಗೆ ನೆಂಟರು ಬರುವ ಹಾಗೆ ನನ್ನ ಬಾಳಿಗೆ ಪೇಚಿನ ಪ್ರಸಂಗಗಳು ಹೇಳದೆ ಕೇಳದೆ ಬರುತ್ತವೆ. ಬಂದವು ಬೇಗ ಹೋಗುವುದೂ ಇಲ್ಲ. ಪುಣೆಯಲ್ಲಿ ತಗಡಿನ ಸಾಮಾನು ಮಾಡುವ ಒಂದು ಸಣ್ಣ ಕಾರ್ಖಾನೆಯ ಟೈಮ್ ಆಫೀಸಿನಲ್ಲಿ ಎಪ್ಪತ್ತರ ದಶಕದ ಆರಂಭದಿಂದ ಎಂಬತ್ತರ ದಶಕದ ಕೊನೆಯವರೆಗೆ ನಾನು ಗುಮಾಸ್ತನಾಗಿದ್ದೆ. ಯಾರು ಎಷ್ಟು ಗಂಟೆಗೆ ಬಂದರು, ಎಷ್ಟು ಗಂಟೆಗೆ ಹೋದರು ಎಂದು ಬರೆದಿಡುವುದು ನನ್ನ ಕೆಲಸ. ಅಷ್ಟು ವರ್ಷಗಳ ನಗೆಯ ಪ್ರಸಂಗಗಳೆಲ್ಲ ಸುತ್ತಿ ಬಳಸಿ ಎರಡು ಇಂಗ್ಲಿಷ್ ಶಬ್ದಗಳ ಹತ್ತಿರವೇ ಬರುತ್ತವೆ: ಸ್ಟಾರ್ಟ್ ಮತ್ತು ಸ್ಟಾಪ್. ಹೇಳಿದರೆ ಕೇಳಿದವರು ನಗುತ್ತಾರೆ, ನಾನೂ ನಗುತ್ತೇನೆ. ಆದರೆ ನಡುವಿನ ಒಂದು ಸಂಗತಿಯನ್ನು ಇಷ್ಟು ದಿನ ಯಾರಿಗೂ ಹೇಳದೆ ದಾಟಿಸಿಬಿಡುತ್ತಿದ್ದೆ. ಈಗ ವಯಸ್ಸಾಯಿತು. ಅದನ್ನೂ ಸೇರಿಸಿಯೇ ಹೇಳುತ್ತೇನೆ.

ಬಿಳಿ ಅಕ್ಷರ

ನಮ್ಮಲ್ಲಿ ಯಾದಗಿರಿ ಕಡೆಯ ಒಬ್ಬ ಹೆಲ್ಪರ್ ಇದ್ದ. ಕಟ್ಟಡದ ಕೆಲಸಕ್ಕೆಂದು ಹೆಂಡತಿಯ ಜೊತೆ ಪುಣೆಗೆ ಬಂದವನು, ಇಟ್ಟಿಗೆ ಹೊತ್ತು ಹೊತ್ತು ಬೇಸತ್ತು ಕಾರ್ಖಾನೆ ಸೇರಿದ್ದ. ನನಗಿಂತ ಎರಡು ವರ್ಷ ಚಿಕ್ಕವನು. ತಗಡು ಒತ್ತುವ ಪ್ರೆಸ್ಸಿನ ಮೇಲೆ ಆಪರೇಟರ್ ಆಗಬೇಕು ಎಂಬುದೊಂದೇ ಅವನ ಆಸೆ. ಹೆಲ್ಪರ್ ಆದರೆ ಯಾವತ್ತು ಬೇಕಾದರೂ ಬಿಡಿಸಬಹುದು, ಆಪರೇಟರ್ ಆದರೆ ಕಾಯಂ.

ಅದಕ್ಕೆ ಪರೀಕ್ಷೆ ಇತ್ತು. ಪರೀಕ್ಷಕರು ನಮ್ಮ ಮರಾಠಿ ಫೋರ್‌ಮನ್. ಅವರು ಪ್ರೆಸ್ಸಿನ ಮೇಲಿನ ಹಸಿರು ಗುಂಡಿಯ ಮೇಲೆ ಬೆರಳಿಟ್ಟು, "ಕಾಯ್ ಲಿಹಿಲಂಯ?" ಎಂದು ಕೇಳಿದರು. ಏನು ಬರೆದಿದೆ ಎಂದು.

ಹೆಲ್ಪರ್ ತನ್ನ ಮರಾಠಿಯಲ್ಲಿ, "ಹಿರವಾ" ಅಂದ. ಹಸಿರು.

"ಅದು ಬಣ್ಣ. ಅದರ ಮೇಲೆ ಅಕ್ಷರ ಇದೆಯಲ್ಲ, ಅದು ಯಾವುದು?"

ಹೆಲ್ಪರ್ ಬಗ್ಗಿ, ಕಣ್ಣು ಕಿರಿದು ಮಾಡಿ, ಸಾಕಷ್ಟು ಹೊತ್ತು ನೋಡಿ ಹೇಳಿದನಂತೆ: "ಅಕ್ಷರ ಬಿಳೀದು ಅದ್ರಿ ಸಾಹೇಬ."

ಫೋರ್‌ಮನ್ ಅವನನ್ನು ಫೇಲ್ ಮಾಡಿದರು. "ಬಣ್ಣ ನೋಡಿ ಮಷೀನು ನಡೆಸುವವನು ಇವತ್ತಲ್ಲ ನಾಳೆ ಕೈ ಕಳೆದುಕೊಳ್ಳುತ್ತಾನೆ, ಅಕ್ಷರ ಕಲಿತು ಬಾ" ಅಂದರು. ಮಾತು ನೂರಕ್ಕೆ ನೂರು ಸರಿಯಾಗಿತ್ತು. ಅದು ಯಾರಿಗೆ ಹೇಳಬೇಕಾದ ಮಾತಾಗಿತ್ತು ಎಂಬುದು ಮಾತ್ರ ಆಗ ಯಾರಿಗೂ ಗೊತ್ತಿರಲಿಲ್ಲ.

ಡಬ್ಬಿ ಬಿಡುವಿನ ಪಾಠ

ಕಾರ್ಖಾನೆಯಲ್ಲಿ ಕನ್ನಡ ಬಲ್ಲ ಗುಮಾಸ್ತ ನಾನೊಬ್ಬನೇ. ಧಾರವಾಡದಲ್ಲಿ ಕಾಲೇಜು ಓದಿದವನು, ಇಂಗ್ಲಿಷ್ ವ್ಯಾಕರಣ ನನ್ನ ಬಿಟ್ಟು ಇನ್ಯಾರಿಗೂ ಬರುವುದಿಲ್ಲ ಎಂಬ ಜಂಬ ಬೇರೆ. ಹೆಲ್ಪರ್ ಬಂದು, "ಎರಡ ಶಬ್ದ ಕಲಸ್ರಿ ಸಾಹೇಬ್ರ, ಮೂರನೇದು ನಾ ಕೇಳಂಗಿಲ್ಲ" ಅಂದ. ಮಧ್ಯಾಹ್ನ ಡಬ್ಬಿ ಬಿಡುವಿನಲ್ಲಿ ಪಾಠ ಸುರುವಾಯಿತು. ಅವನು ನನ್ನ ಶಿಷ್ಯನಾದ. ಇನ್ನು ಮುಂದೆ ಹಾಗೇ ಕರೆಯುತ್ತೇನೆ.

ಎರಡೇ ಶಬ್ದವಾದರೂ ನಾನು ಬಿಟ್ಟೇನೆ? ಅರ್ಥ, ಪ್ರಯೋಗ, ನಾಮಪದ, ಕ್ರಿಯಾಪದ ಎಲ್ಲ ಅರೆದು ಕುಡಿಸಲು ಹೊರಟೆ. "ಸ್ಟಾರ್ಟ್ ವರ್ಕಿಂಗ್ ಅಂದರೂ ಸ್ಟಾರ್ಟ್ ಟು ವರ್ಕ್ ಅಂದರೂ ಒಂದೇ, ಕೆಲಸ ಸುರು ಮಾಡು ಅಂತ. ಆದರೆ ಸ್ಟಾಪ್ ಹಾಗಲ್ಲ. ಸ್ಟಾಪ್ ವರ್ಕಿಂಗ್ ಅಂದರೆ ಕೆಲಸ ನಿಲ್ಲಿಸು. ಸ್ಟಾಪ್ ಟು ವರ್ಕ್ ಅಂದರೆ ಬೇರೇನೋ ಮಾಡುತ್ತಿದ್ದದ್ದನ್ನು ಬಿಟ್ಟು ಕೆಲಸಕ್ಕೆ ನಿಲ್ಲು."

ಶಿಷ್ಯ ರೊಟ್ಟಿ ಮುರಿಯುತ್ತ ಯೋಚಿಸಿದ. "ಅಂದ್ರ ಸ್ಟಾರ್ಟ್ ಸಾದಾ ಭೋಳೆ ಮನಶ್ಯಾ ಅದ್ರಿ. ಹಿಂದ ಏನ್ ಕಟ್ಟಿದ್ರೂ ಹೊಂಟಬಿಡ್ತದ. ಸ್ಟಾಪಿನ ಜೋಡಿ ಭಾಳ ಹುಶಾರಾಗಿರಬೇಕು."

ಇನ್ನೊಂದು ದಿನ, "ಐ ಸ್ಟಾರ್ಟೆಡ್ ದ ಮಷೀನ್ ಅಂದರೂ ಸರಿ, ದ ಮಷೀನ್ ಸ್ಟಾರ್ಟೆಡ್ ಅಂದರೂ ಸರಿ. ಎರಡನೆಯದರಲ್ಲಿ ಸುರು ಮಾಡಿದವರ ಹೆಸರು ಹೇಳಬೇಕಾಗಿಲ್ಲ" ಅಂದೆ.

"ತಪ್ಪು ಮಾಡಿದವ್ರಿಗೆ ಛಲೋ ಅನುಕೂಲ ಮಾಡ್ಯಾರ್ರಿ ಇಂಗ್ರೇಜರು" ಅಂದ.

ನಾಮಪದಕ್ಕೆ ಬಂದಾಗ ಮಾತ್ರ ನಾನು ಸೋತೆ. ಬಸ್ ಸ್ಟಾಪ್ ಅಂತ ಉದಾಹರಣೆ ಕೊಟ್ಟಿದ್ದೆ. ಮರುದಿನ ಶಿಷ್ಯ ಗಂಭೀರವಾಗಿ ಬಂದು, "ಸಾಹೇಬ್ರ, ನಿನ್ನೆ ಹಡಪ್ಸರದಿಂದ ನಡಕೋತ ಬಂದೆ. ದಾರ್ಯಾಗ ಹನ್ನೊಂದು ಬಸ್ ಸ್ಟಾಪ್ ಅದಾವು. ಒಂದರೆ ಬಸ್ ಸ್ಟಾರ್ಟ್ ಇಲ್ಲಲ್ರಿ? ಈ ಊರಾಗ ಬಸ್ಸು ಬರೀ ನಿಲ್ತಾವೋ ಏನು ಹೊಂಟೂ ಹೋಗ್ತಾವೋ?" ಎಂದು ಕೇಳಿದ. ಪುಣೆಯ ಬಸ್ಸುಗಳಿಗಾಗಿ ಆಗ ಕಾಯುತ್ತಿದ್ದ ಯಾರಿಗೂ ಆ ಪ್ರಶ್ನೆಗೆ ಉತ್ತರ ಗೊತ್ತಿರಲಿಲ್ಲ.

ಅವನ ಹೆಂಡತಿ ಮಾರ್ಕೆಟ್ ಯಾರ್ಡಿನಲ್ಲಿ ಉಳ್ಳಾಗಡ್ಡಿ ಆರಿಸುವ ಕೆಲಸಕ್ಕೆ ಹೋಗುತ್ತಿದ್ದಳು. ಒಂದು ಶನಿವಾರ ಗೇಟಿನ ಹತ್ತಿರ ನನ್ನನ್ನು ಹಿಡಿದಳು. "ನೀವೇನ್ರಿ ಮಾಸ್ತರು? ಏನ್ ಕಲಸೀರಿ ಇವ್ರಿಗೆ? ಮುಂಜಾನೆ ಸ್ಟಾರ್ಟ್ ಅಂದ್ರ ಏಳೂದಿಲ್ಲ, ಸಂಜೀಕ ಸ್ಟಾಪ್ ಅಂದ್ರ ಬಾಯಿ ಮುಚ್ಚೂದಿಲ್ಲ. ಪಾಠ ಸುದ್ದ ಮಾಡ್ರಿ!"

ಎರಡು ಪೇಢೆ

ಎರಡನೆಯ ಸಲ ಪರೀಕ್ಷೆಯಾದಾಗ ಶಿಷ್ಯ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು ಬಂದಿದ್ದ. ಫೋರ್‌ಮನ್ ಬೆರಳಿಟ್ಟ ಕೂಡಲೇ ಎಸ್, ಟಿ, ಎ, ಆರ್, ಟಿ ಎಂದು ಇಡೀ ಶೆಡ್ಡಿಗೆ ಕೇಳುವಂತೆ ಕೂಗಿದ. ಕೆಳಗಿನ ಕೆಂಪು ಗುಂಡಿಯದನ್ನು ಅವರು ಕೇಳುವ ಮೊದಲೇ ಹೇಳಿದ. ಅಲ್ಲಿಗೆ ಬಿಡದೆ, ಸ್ಟಾರ್ಟ್ ಭೋಳೆ, ಸ್ಟಾಪ್ ಹುಶಾರು ಎಂಬ ತತ್ವವನ್ನೂ ಹರಕು ಮುರುಕು ಮರಾಠಿಯಲ್ಲಿ ವಿವರಿಸಲು ಹತ್ತಿದ. ಫೋರ್‌ಮನ್ ಕೈ ಮುಗಿದು, "ಪಾಸ್, ಪಾಸ್, ಪೇಢೆ ತರಿಸು" ಅಂದರು.

ಮರುದಿನ ಪೇಢೆ ಬಂತು. ಎಲ್ಲರಿಗೂ ಒಂದೊಂದು, ನನಗೆ ಎರಡು.

"ಎರಡು ಯಾಕೋ?"

"ಸ್ಟಾರ್ಟಿಗೊಂದು, ಸ್ಟಾಪಿಗೊಂದು. ಎರಡೂ ನೀವು ಕೊಟ್ಟಿದ್ದಲ್ರಿ."

ನನಗೆ ನಿಜಕ್ಕೂ ಬಹಳ ಸಂತೋಷವಾಯಿತು. ಬಾಳಿನಲ್ಲಿ ಯಾರಿಗೋ ಏನೋ ಕೊಟ್ಟೆ ಎಂದು ಅನಿಸಿದ್ದು ಅದೇ ಮೊದಲು. ಬಾಯಿತುಂಬ ಪೇಢೆ ಇದ್ದುದರಿಂದ ಅವನಿಗೆ ಒಳ್ಳೆಯ ಮಾತೊಂದನ್ನು ಹೇಳಲೂ ಆಗಲಿಲ್ಲ.

ಖಂಡೇನವಮಿ

ನಮ್ಮ ಕಾರ್ಖಾನೆಯಲ್ಲಿ ಖಂಡೇನವಮಿಯ ದಿನ, ಅಂದರೆ ಆಯುಧಪೂಜೆಯ ದಿನ, ಯಂತ್ರಗಳನ್ನೆಲ್ಲ ನಿಲ್ಲಿಸಿ, ತೊಳೆದು, ಚೆಂಡು ಹೂವಿನ ಮಾಲೆ ಹಾಕಿ ಪೂಜೆ ಮಾಡುತ್ತಿದ್ದರು. ನನಗೆ ನಾಲ್ಕಾರು ಮಂತ್ರ ಬರುತ್ತವೆ ಎಂಬ ಸುದ್ದಿ ಹೇಗೋ ಹಬ್ಬಿ, ಪೂಜೆಯ ತಟ್ಟೆ ನನ್ನ ಕೈಗೆ ಬಂದಿತ್ತು. ಬಂದ ಮೇಲೆ ನನ್ನನ್ನು ಹಿಡಿಯುವವರಿರಲಿಲ್ಲ. ಕಣ್ಣಿಗೆ ಬಿದ್ದದ್ದಕ್ಕೆಲ್ಲ ಕುಂಕುಮ ಹಚ್ಚುತ್ತಿದ್ದೆ. ಒಂದು ವರ್ಷ ಟೈಪ್‌ರೈಟರಿನ ಕೀಲಿಗಳಿಗೂ ಹಚ್ಚಿದ್ದರಿಂದ ಮ್ಯಾನೇಜರರ ಪತ್ರಗಳೆಲ್ಲ ಒಂದು ವಾರ ಕೆಂಪು ಚುಕ್ಕೆ ಹೊತ್ತುಕೊಂಡು ಹೋದವು. ಮುಂಬೈಯ ಒಂದು ಕಂಪನಿಯವರು ಯಾರ ಮದುವೆ ಎಂದು ತಿರುಗಿ ಬರೆದು ಕೇಳಿದ್ದರು.

ಶಿಷ್ಯ ಆಪರೇಟರ್ ಆದ ಮರುವರ್ಷ, ಅವನ ಪ್ರೆಸ್ಸಿಗೆ ವಿಶೇಷ ಪೂಜೆ ಆಗಲಿ ಎಂದು ನನಗೆ ಉಮೇದಿ. ಕುಂಕುಮ ಬೇಗ ಉದುರಬಾರದು ಎಂದು ಎಣ್ಣೆಯಲ್ಲಿ ಗಟ್ಟಿಯಾಗಿ ಕಲಸಿ ಮೇಲಿನ ಹಸಿರು ಗುಂಡಿಗೂ ಬಳಿದೆ, ಕೆಳಗಿನ ಕೆಂಪು ಗುಂಡಿಗೂ ಬಳಿದೆ.

ಶಿಷ್ಯ ಹಿಂದೆ ನಿಂತು ಮೆಲ್ಲಗೆ, "ಸಾಹೇಬ್ರ, ಎರಡೂ ಕೆಂಪಾದವಲ್ರಿ. ಅಕ್ಷರನೂ ಮುಚ್ಚಿ ಹೋದವು" ಅಂದ.

"ಯಾಕೋ, ನಿನ್ನ ಮಷೀನು ನಿನಗೆ ಗುರುತು ಸಿಗೂದಿಲ್ಲೇನು?"

"ನನಗ ಸಿಗ್ತದ್ರಿ. ಮಂದೀಗೆ?"

"ದೇವರ ಮುಂದ ನಿಂತು ಶಾಣ್ಯಾತನ ಮಾಡಬ್ಯಾಡ. ಸ್ಟಾರ್ಟಿಗೆ ಹಚ್ಚಿ ಸ್ಟಾಪಿಗೆ ಬಿಟ್ಟರೆ ಸ್ಟಾಪಿಗೆ ಸಿಟ್ಟು ಬರ್ತದ" ಎಂದೆ. ಸುತ್ತ ನಿಂತವರೆಲ್ಲ ನಕ್ಕರು. ಶಿಷ್ಯನೂ ನಕ್ಕ. ಹಚ್ಚಿದ ಕುಂಕುಮ ತಾನಾಗಿ ಉದುರುವವರೆಗೆ ಒರೆಸಬಾರದು ಎಂಬುದು ನಮ್ಮಲ್ಲಿ ಪದ್ಧತಿ. ಅದನ್ನು ಯಾರೂ ಒರೆಸಲಿಲ್ಲ.

ಉಳ್ಳಾಗಡ್ಡಿಯ ಕಣ್ಣೀರು

ದಸರೆ ಮುಗಿದು ಕಾರ್ಖಾನೆ ತೆರೆದ ದಿನ ಶಿಷ್ಯನ ಪ್ರೆಸ್ಸಿನಲ್ಲಿ ತಗಡು ಸಿಕ್ಕಿಕೊಂಡಿತು. ಅವನು ಸ್ಟಾಪ್ ಒತ್ತಿದ. ಯಂತ್ರದ ದೊಡ್ಡ ಗಾಲಿ ಪೂರ್ತಿ ನಿಲ್ಲಲು ಸ್ವಲ್ಪ ಹೊತ್ತು ಬೇಕು, ಅದು ನಿಲ್ಲುತ್ತ ಬಂದಾಗ ಬಲಗೈ ಹಾಕಿ ತಗಡು ಎಳೆಯತೊಡಗಿದ. ದೂರದಿಂದ ಫೋರ್‌ಮನ್ ನೋಡಿದರು. ಗಾಲಿ ಇನ್ನೂ ತಿರುಗುತ್ತಿದೆ, ಒಳಗೆ ಕೈ ಇದೆ. ಯಂತ್ರ ನಿಲ್ಲಿಸಲಿಕ್ಕೆಂದು ಓಡಿ ಬಂದು ಕಣ್ಣಿಗೆ ಮೊದಲು ಬಿದ್ದ ಕೆಂಪು ಗುಂಡಿಯನ್ನು ಒತ್ತಿಬಿಟ್ಟರು. ಅದು ಮೇಲಿನ ಗುಂಡಿ.

ಉಂಗುರ ಬೆರಳು ಮತ್ತು ಕಿರುಬೆರಳು ಹೋದವು.

ಸಂಜೆ ಆಸ್ಪತ್ರೆಗೆ ಹೋದೆ. ಹೊರಗಿನ ಬೆಂಚಿನ ಮೇಲೆ ಫೋರ್‌ಮನ್ ಮುಖ ಮುಚ್ಚಿಕೊಂಡು ಕೂತಿದ್ದರು. ಅವರ ಅಂಗೈಯಲ್ಲಿ ಇನ್ನೂ ನನ್ನ ಕುಂಕುಮ ಇತ್ತು. ನನ್ನನ್ನು ನೋಡಿ ಬೆಂಚಿನ ತುದಿಗೆ ಸರಿದು ಜಾಗ ಮಾಡಿದರು. ಬೈದಿದ್ದರೆ ಚೆನ್ನಾಗಿತ್ತು.

ಒಳಗೆ ಶಿಷ್ಯ ಕಣ್ಣು ಮುಚ್ಚಿ ಮಲಗಿದ್ದ. ಅವನ ಹೆಂಡತಿ ಮಾರ್ಕೆಟ್ ಯಾರ್ಡಿನಿಂದ ನೆಟ್ಟಗೆ ಬಂದಿದ್ದಳು, ಸೀರೆಗೆಲ್ಲ ಉಳ್ಳಾಗಡ್ಡಿಯ ವಾಸನೆ. ಕಣ್ಣು ಧಾರಾಕಾರ ಸುರಿಯುತ್ತಿತ್ತು. ನನಗೆ ಏನು ಹೇಳಬೇಕೋ ತಿಳಿಯದೆ, "ಅಳಬ್ಯಾಡ್ರಿ" ಅಂದೆ.

ಅವಳು ಸೆರಗಿನಿಂದ ಮೂಗು ಒರೆಸಿಕೊಂಡು, ಅತ್ತ ದನಿಯಲ್ಲೇ ನಕ್ಕಳು. "ನಾ ಅಳಾಕತ್ತೀನಿ ಅಂತ ನಿಮಗೊಬ್ಬರಿಗೆ ತಿಳೀತು ನೋಡ್ರಿ. ಇಲ್ಲಿ ನರ್ಸಬಾಯಿ, ಉಳ್ಳಾಗಡ್ಡಿ ಕೈ ತೊಳ್ಕೊಂಡ ಬಾ, ಕಣ್ಣ ಉರಿ ಕಮ್ಮಿ ಆಗ್ತದ ಅಂದ್ಲು."

ಹೇಳಿಕೆ

ಮ್ಯಾನೇಜರರು ವಿಚಾರಣೆ ಇಟ್ಟರು. ಅವರಿಗೆ ಇಂಗ್ಲಿಷ್ ಬಿಟ್ಟು ಬೇರೆ ಮಾತು ಬರುತ್ತಿರಲಿಲ್ಲ. ಶಿಷ್ಯನ ಹೇಳಿಕೆಯನ್ನು ಕನ್ನಡದಲ್ಲಿ ಕೇಳಿ ಇಂಗ್ಲಿಷಿನಲ್ಲಿ ಬರೆದುಕೊಡುವ ಕೆಲಸ, ಬೇರೆ ಯಾರಿಗೆ, ನನಗೇ ಬಂತು. ಹಿಂದಿನ ದಿನ ಆಸ್ಪತ್ರೆಯಲ್ಲಿ ಅವನ ಕಾಲ ಹತ್ತಿರ ಕೂತು, "ಎಲ್ಲಾ ಹೇಳಿಬಿಡ್ತೀನಿ. ಕುಂಕುಮ ನಾ ಹಚ್ಚಿದ್ದು, ನೀ ಬ್ಯಾಡ ಅಂದಿದ್ದಿ ಅಂತ ಬರೀತೀನಿ" ಅಂದೆ.

ಅವನು ತಲೆಯಾಡಿಸಿದ. "ಬರದ್ರ ನಿಮ್ಮ ನೌಕರಿ ಹೋಗ್ತದ. ಫೋರ್‌ಮನ್ನರದು ಹೋಗ್ತದ. ಮುಂದಿನ ವರ್ಷದಿಂದ ಪೂಜಾ ಬಂದ್ ಮಾಡ್ತಾರ. ಇಷ್ಟೆಲ್ಲಾ ಹೋದ್ರ ನನ್ನ ಎರಡು ಬೆರಳು ತಿರುಗಿ ಬರ್ತಾವೇನ್ರಿ?"

"ಹಂಗಾರ ಏನಂತ ಬರೀಲಿ?"

"ನೀವ ಕಲಿಸೀರಲ್ರಿ. ದ ಮಷೀನ್ ಸ್ಟಾರ್ಟೆಡ್."

ನಾನು ಹಾಗೇ ಬರೆದೆ. ಅದನ್ನು ಬರೆಯುವಾಗ ನಾಚಿಕೆಯಾಯಿತು, ಆದರೂ ಬರೆದೆ. ಮನೆಯಲ್ಲಿ ಮೂರು ಮಕ್ಕಳಿದ್ದವು, ಹೆದರಿದೆ. ಇದಕ್ಕಿಂತ ಚಂದದ ಸಬೂಬು ನನ್ನ ಹತ್ತಿರ ಇಲ್ಲ.

ಮ್ಯಾನೇಜರರು ಓದಿ ಕನ್ನಡಕ ತೆಗೆದರು. "ಯಂತ್ರ ತಾನಾಗಿಯೇ ಹೇಗೆ ಸುರುವಾಗುತ್ತದೆ? ಇವನನ್ನೇ ಕೇಳಿ" ಅಂದರು. ಕೇಳಿದೆ.

ಶಿಷ್ಯ ಪಟ್ಟಿ ಕಟ್ಟಿದ ಕೈಯನ್ನು ಎದೆಗೆ ಹಿಡಿದುಕೊಂಡು, "ಸಾಹೇಬ್ರಿಗೆ ಹೇಳ್ರಿ, ಅವರು ಭಾಳ ಓದಿದವ್ರು, ಅವರ್ನ ಕೇಳಬೇಕಂತ ನಾನೂ ಬಂದೀನಿ" ಅಂದ.

ನೋ ಪಾಸ್

ವಿಚಾರಣೆ ಅಲ್ಲಿಗೇ ಮುಗಿಯಿತು, ಶಿಷ್ಯನ ಪ್ರೆಸ್ಸಿನ ಕೆಲಸ ಹೋಯಿತು. ಫೋರ್‌ಮನ್ ಹಟ ಹಿಡಿದು, ಮ್ಯಾನೇಜರರ ಬಾಗಿಲಲ್ಲಿ ಎರಡು ದಿನ ನಿಂತು, ಅವನಿಗೆ ಗೇಟಿನಲ್ಲಿ ಕಾಯಂ ಕೆಲಸ ಕೊಡಿಸಿದರು. ಪಾಸ್ ಇಲ್ಲದ ಯಾವ ಗಾಡಿಯನ್ನೂ ಒಳಗೆ ಬಿಡಬಾರದು ಎಂದು ಅಪ್ಪಣೆಯಾಯಿತು.

ಮೊದಲ ದಿನ ಮೊದಲು ಬಂದದ್ದು ಮ್ಯಾನೇಜರರ ಕಾರು. ಶಿಷ್ಯ ರಸ್ತೆಯ ನಡುವೆ ನಿಂತು, ಮೂರು ಬೆರಳಿನ ಕೈ ಎತ್ತಿ, "ಸ್ಟಾಪ್!" ಎಂದು ಗರ್ಜಿಸಿದ. ಕಾರು ನಿಂತಿತು.

"ಪಾಸ್?"

"ನಾನು ಮ್ಯಾನೇಜರ್!" ಎಂದು ಅವರು ಇಂಗ್ಲಿಷಿನಲ್ಲಿ ಕಿರುಚಿದರು.

"ನೋ ಪಾಸ್, ನೋ ಸ್ಟಾರ್ಟ್."

ಕೊನೆಗೆ ಮ್ಯಾನೇಜರರು ಜೇಬಿನಿಂದ ಚೀಟಿ ತೆಗೆದು, ತಮ್ಮ ಹೆಸರಿಗೆ ತಾವೇ ಪಾಸು ಬರೆದು, ತಾವೇ ಸಹಿ ಮಾಡಿ ಕೊಟ್ಟರು. ಶಿಷ್ಯ ಅದನ್ನು ಎರಡೂ ಬದಿ ತಿರುಗಿಸಿ ನೋಡಿ, ಸಲಾಮು ಹೊಡೆದು ಗೇಟು ತೆಗೆದ. ಆ ಚೀಟಿಯಲ್ಲಿ ಸ್ಟಾರ್ಟ್, ಸ್ಟಾಪ್ ಎರಡೂ ಇರಲಿಲ್ಲವಾದ್ದರಿಂದ ಅವನಿಗೆ ಒಂದು ಶಬ್ದವೂ ತಿಳಿದಿರಲಿಲ್ಲ.

ಸೂತಕ

ಆ ವರ್ಷದಿಂದ ನಾನು ಪೂಜೆಯ ತಟ್ಟೆ ಮುಟ್ಟಲಿಲ್ಲ. ಪ್ರತಿ ಸಲ ಖಂಡೇನವಮಿ ಹತ್ತಿರ ಬಂದ ಕೂಡಲೇ ಸೂತಕ ಅನ್ನುತ್ತಿದ್ದೆ. ಒಮ್ಮೆ ಗದಗಿನ ದೊಡ್ಡಪ್ಪ, ಒಮ್ಮೆ ಬಾಗಲಕೋಟೆಯ ಸೋದರತ್ತೆ, ಒಮ್ಮೆ ಹೆಸರು ಕೂಡ ಸರಿಯಾಗಿ ಗೊತ್ತಿಲ್ಲದ ಯಾವನೋ ದಾಯಾದಿ. ಬದುಕಿದ್ದವರನ್ನೆಲ್ಲ ಸಾಲಾಗಿ ಸಾಯಿಸಿದೆ. ಫೋರ್‌ಮನ್ ಒಮ್ಮೆ, "ನಿಮ್ಮ ಮನೆತನದವರು ದಸರೆ ಬಿಟ್ಟು ಬೇರೆ ದಿನ ಸಾಯುವುದೇ ಇಲ್ಲವೇ?" ಎಂದು ಕೇಳಿದರು. ಅವರಿಗೆ ಎಲ್ಲ ಗೊತ್ತಿತ್ತು. ಅವರೂ ಆ ದಿನ ಪ್ರೆಸ್ಸಿನ ಹತ್ತಿರ ಬರುತ್ತಿರಲಿಲ್ಲ, ಗೇಟಿನಲ್ಲಿ ಶಿಷ್ಯನ ಪಕ್ಕ ಸುಮ್ಮನೆ ಕೂತಿರುತ್ತಿದ್ದರು.

ನನ್ನ ನಿವೃತ್ತಿಯ ವರ್ಷ ಬಂತು. ಕೊನೆಯ ಪೂಜೆ ನನ್ನ ಕೈಯಿಂದಲೇ ಆಗಬೇಕು ಎಂದು ಎಲ್ಲರೂ ಪಟ್ಟು ಹಿಡಿದರು. ಸಾಯಿಸಲು ನೆಂಟರೂ ಉಳಿದಿರಲಿಲ್ಲ.

ತಟ್ಟೆ ಹಿಡಿದು ಆ ಪ್ರೆಸ್ಸಿನ ಮುಂದೆ ನಿಂತೆ. ಮಂತ್ರ ಬರಲಿಲ್ಲ. ಮ್ಯಾನೇಜರರು ಇದ್ದರು, ಇಡೀ ಕಾರ್ಖಾನೆ ಇತ್ತು. ಇವತ್ತು ಹೇಳದಿದ್ದರೆ ಇನ್ನು ಯಾವತ್ತೂ ಹೇಳುವುದಿಲ್ಲ ಎನಿಸಿತು. ತಿರುಗಿ ನಿಂತು, "ಎಲ್ಲಾರೂ ಕೇಳ್ರಿ. ಆ ವರ್ಷ ಈ ಮಷೀನಿಗೆ ಕುಂಕುಮ..." ಎಂದು ಸುರು ಮಾಡಿದೆ.

"ಸ್ಟಾಪ್!"

ಲಾರಿಗಳನ್ನು ನಿಲ್ಲಿಸುವ ದನಿ. ಎಲ್ಲರೂ ಹೆದರಿ ಸರಿದು ನಿಂತರು. ಶಿಷ್ಯ ಗೇಟು ಬಿಟ್ಟು ಬಂದಿದ್ದ, ಅವನ ಹಿಂದೆ ಫೋರ್‌ಮನ್. ಶಿಷ್ಯನ ತಲೆ ಪೂರ್ತಿ ಬೆಳ್ಳಗಾಗಿತ್ತು. ನನ್ನ ಮುಂದೆ ನಿಂತು, ಹಿಂದೆ ಫೋರ್‌ಮನ್ ಮಾಡಿದ್ದಂತೆಯೇ ಹಸಿರು ಗುಂಡಿಯ ಮೇಲೆ ಬೆರಳಿಟ್ಟ.

"ಕಾಯ್ ಲಿಹಿಲಂಯ?"

"ಸ್ಟಾರ್ಟ್" ಅಂದೆ.

"ಇದು?"

"ಸ್ಟಾಪ್."

"ಎರಡೂ ಕಾಣಸ್ತಾವ?"

"ಕಾಣಸ್ತಾವ."

"ಹಿಂಗ ಕಾಣಬೇಕು ನೋಡ್ರಿ." ದೇವರಿಗೆ ಕುಂಕುಮ ಹಚ್ಚುವುದು ಬಲಗೈಯ ಉಂಗುರ ಬೆರಳಿನಿಂದ. ಅದು ಅವನಿಗೆ ಇರಲಿಲ್ಲ. ನನ್ನ ಬಲಗೈ ಹಿಡಿದು, ನನ್ನ ಉಂಗುರ ಬೆರಳನ್ನು ಕುಂಕುಮದಲ್ಲಿ ಅದ್ದಿ, ಗುಂಡಿಗಳನ್ನು ಬಿಟ್ಟು ಯಂತ್ರದ ನೆತ್ತಿಯ ಮೇಲೆ ಒಂದೇ ಒಂದು ಬೊಟ್ಟು ಇಡಿಸಿದ. ಆಮೇಲೆ ಎಲ್ಲರಿಗೂ ಕೇಳುವಂತೆ ಕೂಗಿದ: "ಮಾಸ್ತರು ಪಾಸ್! ಪೇಢೆ ತರಸ್ರಿ!"

ಕಾರ್ಖಾನೆಯೇ ಬಿದ್ದು ಬಿದ್ದು ನಕ್ಕಿತು. ಏನಾಯಿತೆಂದು ತಿಳಿಯದ ಮ್ಯಾನೇಜರರೂ ಚಪ್ಪಾಳೆ ತಟ್ಟಿದರು. ನಕ್ಕವರಲ್ಲಿ ಫೋರ್‌ಮನ್ ಇರಲಿಲ್ಲ, ನಾನೂ ಇರಲಿಲ್ಲ.

ಪೇಢೆ ತರಿಸಿದೆ. ಎಲ್ಲರಿಗೂ ಒಂದೊಂದು ಕೊಟ್ಟು, ಶಿಷ್ಯನ ಕೈಯಲ್ಲಿ ಎರಡು ಇಟ್ಟೆ. "ಸ್ಟಾರ್ಟಿಗೊಂದು, ಸ್ಟಾಪಿಗೊಂದು" ಎಂದು ಹೇಳಲು ಹೋದೆ, ಅರ್ಧಕ್ಕೇ ಅಳು ಬಂತು. ಅಷ್ಟು ಜನರ ಮುಂದೆ ಮುದುಕನಾದ ನಾನು ಹುಚ್ಚನ ಹಾಗೆ ಅಳತೊಡಗಿದೆ.

ಶಿಷ್ಯ ಒಂದು ಪೇಢೆಯನ್ನು ಬಾಯಿಗೆ ಹಾಕಿಕೊಂಡು, ಇನ್ನೊಂದನ್ನು ತಿರುಗಿ ನನ್ನ ಅಂಗೈಯಲ್ಲಿಟ್ಟ. "ಸ್ಟಾಪಿಂದು ನೀವ ತಿನ್ರಿ ಸಾಹೇಬ್ರ" ಅಂದ. "ಇನ್ನ ಸಾಕು, ಅಳೂದು ನಿಲ್ಲಸ್ರಿ."